ಝರಿಗೆ ಹೊತ್ತೊಯ್ದ ಬಟ್ಟೆ

ನಮ್ಮಕ್ಕನ ಕಣ್ಣು ಹೋಗುತ್ತಿದ್ದವು. ಹುಬ್ಬಳ್ಳಿಯ ಡಾಕ್ಟರು ಚೀಟಿ ಮಡಚಿ ಕೈಗಿಟ್ಟು, "ನರ ಸತ್ತಾವ್ರಿ, ಉಳದದ್ದೂ ಉಳಿಯೂದಿಲ್ಲ" ಅಂದಿದ್ದರು. ಗಜೇಂದ್ರಗಡದ ನಮ್ಮ ಮನೆಯಲ್ಲಿ ಆಕೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವುದು, ನಾನು ಪಕ್ಕದಲ್ಲಿ ರಾಟೆ ತಿರುವಿ ಕಂಡಿಕೆಗೆ ನೂಲು ಸುತ್ತಿಕೊಡುವುದು, ಇಷ್ಟರಲ್ಲೇ ನಮ್ಮಿಬ್ಬರ ಆಯುಷ್ಯ ಹೋಗಿತ್ತು. ಮಗ್ಗ ಬಿಟ್ಟರೆ ಆಕೆ ಬದುಕುವುದಿಲ್ಲ ಎಂಬ ಭಯ ನನಗಿತ್ತು.

ನೂಲು ಮಾರಲು ಬರುತ್ತಿದ್ದ ಚಾಚಾ ಒಂದು ದಿನ ಬೀದರಿನ ಗುರುದ್ವಾರದ ಸುದ್ದಿ ತೆಗೆದರು. "ಅಲ್ಲಿ ನೀರೆಲ್ಲಾ ಉಪ್ಪ ಇತ್ತಂತ್ರಿ ಅಕ್ಕಾರ. ಸಿಖ್ಖರ ಮೊದಲನೇ ಗುರುಗಳು ಬಂದು ಕಾಲಿಲೆ ಕಲ್ಲ ಸರಿಸಿದ್ರಂತ, ಸಿಹಿನೀರು ಬುಳುಬುಳು ಎದ್ದು ಹರೀತಂತ. ಆ ಝರಿಯಿಂದನ ಜಾಗಕ್ಕ ಝೀರಾ ಅಂತ ಹೆಸರು. ಆ ನೀರ ಹಚ್ಚಿದ್ರ ಕಣ್ಣ ಬರ್ತಾವಂತಾರ."

"ಕಲ್ಲ ಸರಿಸಿದ್ರ ನೀರು ಬಂದೀತು, ಸತ್ತ ನರ ಎದ್ದು ಬರ್ತಾವೇನ್ರಿ?" ಎಂದು ರೇಗಿದೆ. ಪಾಪ, ಚಾಚಾ ನೂಲಿನ ಗಂಟು ಕಟ್ಟಿಕೊಂಡು ಎದ್ದರು. ಅಕ್ಕ ಮಾತ್ರ ಬೀದರಿಗೆ ಹೋಗುವುದನ್ನು ಅಂದೇ ಗಟ್ಟಿ ಮಾಡಿದಳು. ಅಲ್ಲಿಯ ಧರ್ಮಗ್ರಂಥಕ್ಕೆ ಹೊದಿಸಲು ಭಕ್ತರು ಬಟ್ಟೆ ಕೊಡುತ್ತಾರೆಂದು ಕೇಳಿ, "ಅಚ್ಚ ಹಳದಿ ರೇಷ್ಮಿ ನೇಯ್ತೀನಿ" ಎಂದು ಕೂತೇಬಿಟ್ಟಳು.

ಮೂರನೆಯ ದಿನ ನೋಡುತ್ತೇನೆ, ನಡುವೆ ಗೇಣಗಲ ಹಸಿರು! ಹಿಂದಿನ ಸೀರೆಯ ಹಸಿರು ಕಂಡಿಕೆ ಬುಟ್ಟಿಯಲ್ಲಿ ಉಳಿದಿತ್ತು. ಆಕೆ ಹಳದಿ ಎಂದುಕೊಂಡು ಅದನ್ನೇ ಲಾಳಿಗೆ ಹಾಕಿದ್ದಳು.

"ಹ್ಯಾಂಗೈತಿ?" ಎಂದಳು. ಮುಖ ಅರಳಿತ್ತು.

"ಭಾಳ ಚಲೋ ಬಂದೈತಿ ಅಕ್ಕಾ" ಎಂದುಬಿಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ!

ಬಸ್ಸು ಬದಲಿಸಿ ಬದಲಿಸಿ ಬೀದರ ಮುಟ್ಟಿದೆವು. ತಲೆ ಮೇಲೆ ಸೆರಗು ಹೊದ್ದು, ಕಾಲು ತೊಳೆದು ಒಳಗೆ ಹೋದೆವು. ಅಕ್ಕ ಝರಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಹಚ್ಚಿಕೊಂಡಳು, ಮತ್ತೆ ಮತ್ತೆ, ಕುಪ್ಪಸ ತೊಯ್ಯುವ ತನಕ.

"ಸ್ವಲ್ಪ ನಿಚ್ಚಳ ಆದಂಗ ಅನಸ್ತೈತಿ ನೋಡ" ಎಂದಳು. ಚಾಚಾರ ಮೇಲೆ ರೇಗಿದ್ದ ನಾನೂ ಒಂದು ಗಳಿಗೆ ನಂಬಿದೆ.

ಬಟ್ಟೆ ಇಸಿದುಕೊಂಡವರು ನೀಲಿ ಪೇಟದ ಮುದುಕರು. ಬಿಚ್ಚಿ ಹಿಡಿದು, ಪ್ರೀತಿಯಿಂದಲೇ ಅಂದರು: "ಹಳದಿ ನಡುವೆ ಹಸಿರು ಪಟ್ಟಿ! ಭಾಳ ಛಂದ ನೇಯ್ದೀರಿ ತಾಯಿ."

ಜೋಡಿಸಿದ ಅಕ್ಕನ ಕೈಗಳು ಹಾಗೆಯೇ ನಿಂತವು. ಆಮೇಲೆ ಊಟದ ಸಾಲಿನಲ್ಲಿ ಕೂತಳು, ರೊಟ್ಟಿ ಮುರಿಯಲಿಲ್ಲ. ಮರಳುವ ಬಸ್ಸಿನಲ್ಲಿ, ನಮ್ಮೂರ ಗುಡ್ಡ ಹತ್ತಿರ ಬಂದಾಗ ಕೇಳಿದಳು:

"ನಿನಗ ಗೊತ್ತಿತ್ತಲ್ಲಾ?"

"ಹೂಂ."

"ಮೊದಲಿನ ಸೀರಿಗೋಳು?"

ಸುಳ್ಳು ಹೇಳುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಹೀಗೆಯೇ ಬಣ್ಣ ತಪ್ಪಿದ್ದ, ಮಾರಿ ಬಂದೆ ಎಂದು ನಾನು ಹೇಳಿದ್ದ ನಾಲ್ಕು ಸೀರೆಗಳೂ ಟ್ರಂಕಿನಲ್ಲೇ ಇವೆ ಎಂದೆ.

ಅಕ್ಕ ಕಿಟಕಿಯ ಕಡೆ ಮುಖ ಮಾಡಿದಳು, ಏನೂ ನಿಚ್ಚಳ ಕಾಣದಿದ್ದರೂ.

"ನಾಳಿಂದ ಕಂಡಿಕಿ ಸುತ್ತಬ್ಯಾಡ" ಎಂದಳು.

ಮತ್ತೆ ಆಕೆ ಆ ಕುಣಿಗೆ ಕಾಲು ಇಳಿಬಿಡಲಿಲ್ಲ.