ರಬಾಳೆಯ ಹೊಲದ ಭಜ್ಜಿ

ನಮ್ಮ ಮನೆಯ ಎಳ್ಳಮಾವಾಸ್ಯೆಯ ಭಜ್ಜಿ ಉಂಡವರು ಕೈ ತೊಳೆಯುವ ಮೊದಲೇ ಅದನ್ನು ಮಾಡುವ ರೀತಿ ಕೇಳುತ್ತಾರೆ. ನನ್ನ ಹೆಂಡತಿ ಸುಮನಾ ಏನನ್ನೂ ಬಚ್ಚಿಡದೆ ಹೇಳುತ್ತಾಳೆ. ಡೊಂಬಿವಲಿಯ ನಮ್ಮ ಸೊಸೈಟಿಯ ಎರಡನೇ ಮಹಡಿಯಲ್ಲಿರುವ ಮರಾಠಿ ಹೆಂಗಸಂತೂ, ನಾವೆಲ್ಲ ಅವರನ್ನು ಬಾಯಿ ಎನ್ನುತ್ತೇವೆ, ಕ್ಯಾಲೆಂಡರಿನ ಹಿಂಬದಿಯಲ್ಲಿ ಅದನ್ನು ಮೂರು ಸಲ ಬರೆದುಕೊಂಡಿದ್ದಾರೆ. ಮೂರು ಸಲವೂ ಅವರ ಕೈಗೆ ಅದು ಒಗ್ಗಲಿಲ್ಲ. ಸುಮನಾ ಏನೋ ಒಂದು ಸಾಮಾನು ಮುಚ್ಚಿಟ್ಟಿದ್ದಾಳೆ ಎಂದು ಅವರಿಗೆ ಗುಮಾನಿ. ಪಾಪ, ಅವಳದೇನೂ ತಪ್ಪಿಲ್ಲ. ಮುಚ್ಚಿಟ್ಟವನು ನಾನು. ಆ ಸಾಮಾನಿನ ಕತೆ ಹೇಳಲು ಹೊರಟರೆ ನನ್ನ ಮಾನವೂ ಸ್ವಲ್ಪ ಹೋಗುತ್ತದೆ, ಅದಕ್ಕೇ ಇಷ್ಟು ವರ್ಷ ಸುಮ್ಮನಿದ್ದೆ.

ಭಜ್ಜಿ ಎಂದ ಕೂಡಲೇ ಎಣ್ಣೆಯ ಬಾಣಲೆಯನ್ನು ನೆನೆಯಬೇಡಿ. ಇದು ನಮ್ಮ ಕಲಬುರಗಿ ಕಡೆ ಎಳ್ಳಮಾವಾಸ್ಯೆಗೆ ಮಾಡುವ ಗಟ್ಟಿ ಸಾರಿನಂಥ ಪಲ್ಯ. ಚಳಿಗಾಲದ ಆ ವಾರ ಹೊಲದಲ್ಲಿ ಏನೇನು ಹಸಿರಾಗಿದೆಯೋ ಅದೆಲ್ಲ ಒಂದೇ ಗಡಿಗೆಗೆ ಬೀಳಬೇಕು. ಎಳೆ ತೊಗರಿ, ಅವರೆ, ಹಸಿಕಡಲೆ, ಬಟಾಣಿ, ಮೆಂತ್ಯೆ, ಈರುಳ್ಳಿ ಸೊಪ್ಪು, ಬದನೆ, ಗಜ್ಜರಿ. ಅದಕ್ಕೆ ಕಡಲೆಹಿಟ್ಟು ಕದಡಿದ ಹುಳಿ ಮಜ್ಜಿಗೆ, ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಜಜ್ಜಿದ ಖಾರ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಅಡುಗೆ ಪುಸ್ತಕ ಬರೆಯುವವರು ಇಂಥದರ ಮುಂದೆ ಕೈಚೆಲ್ಲಿ ಕೂರಬೇಕು. ಎಷ್ಟು ಹಾಕಬೇಕು ಎಂದರೆ ಇದ್ದಷ್ಟು, ಯಾವುದನ್ನು ಎಂದರೆ ಇದ್ದದ್ದನ್ನು. ನನ್ನ ಪ್ರಕಾರ ಇದು ಹೊಲದ ಹಾಜರಿ ಪುಸ್ತಕ. ಈ ವರ್ಷ ಯಾವ ಬೆಳೆ ಬಂದಿದೆ, ಯಾವುದು ಗೈರುಹಾಜರಾಗಿದೆ ಎಂಬುದು ಮೊದಲ ತುತ್ತಿನಲ್ಲೇ ತಿಳಿದುಬಿಡುತ್ತದೆ.

ಆದರೆ ಆ ಮೊದಲ ತುತ್ತಿಗೆ ಮುಂಚೆ ಒಂದು ಕೆಲಸವಿದೆ. ಮಾಡಿದ್ದನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಮನೆಯವರೊಬ್ಬರು ಭಜ್ಜಿ ರೊಟ್ಟಿ ಕಲಸಿದ್ದನ್ನು ಹೊಲದ ಸುತ್ತ ಚೆಲ್ಲುತ್ತ, ಭೂಮಿತಾಯಿಗೆ ಕೂಗು ಹಾಕುತ್ತ ಮುಂದೆ ನಡೆಯುತ್ತಾರೆ. ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದೆ ನಡೆಯುತ್ತಾರೆ, ಪ್ರತಿ ಕೂಗಿಗೂ ಗಟ್ಟಿ ದನಿಯಲ್ಲಿ ಓಗೊಡುತ್ತಾರೆ. ವರ್ಷವಿಡೀ ಉಣಿಸಿದ ನೆಲಕ್ಕೆ ವರ್ಷಕ್ಕೊಮ್ಮೆ ನಾವು ಉಣಿಸುವುದು. ಅದು ಮುಗಿಯುವವರೆಗೆ ನಮ್ಮ ಅವ್ವ ಹನಿ ನೀರನ್ನೂ ಮುಟ್ಟಿದವಳಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ಈ ಅವ್ವ ಡೊಂಬಿವಲಿಯಲ್ಲಿ ಸಿಕ್ಕಿಬಿದ್ದಳು. ಪಕ್ಕದ ಠಾಣೆ ಊರಿನ ಆಸ್ಪತ್ರೆಯಲ್ಲಿ ಅವಳ ಕಣ್ಣಿನ ಪೊರೆ ತೆಗೆಸಿದ್ದೆವು. ಇನ್ನೂ ಮೂರು ವಾರ ದೂರದ ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದರು. ಲೆಕ್ಕ ಹಾಕಿದರೆ ಎಳ್ಳಮಾವಾಸ್ಯೆ ಆ ಮೂರು ವಾರದೊಳಗೇ ಬರುತ್ತಿತ್ತು. ಮದುವೆಯಾಗಿ ಬಂದ ದಿನದಿಂದ ಅವಳು ಆ ಹಬ್ಬಕ್ಕೆ ಹೊಲ ತಪ್ಪಿಸಿರಲಿಲ್ಲ. ಇಲ್ಲೇ ಮಾಡಿದರಾಯಿತು ಬಿಡು ಎಂದು ನಾನು ಉದಾರವಾಗಿ ಹೇಳಿದೆ. ಉದಾರವಾಗಿ ಮಾತಾಡಿದಾಗಲೆಲ್ಲ ನನಗೆ ಏನಾದರೊಂದು ಪೇಚು ಕಾದಿರುತ್ತದೆ.

ಅಡುಗೆಯ ಪಾಡೇ ಒಂದು ಪುರಾಣ. ಸುಮನಾ ಉಡುಪಿ ಕಡೆಯವಳು. ಅಲ್ಲಿಯವರೆಗೆ ಭಜ್ಜಿಯನ್ನು ಕಂಡವಳೂ ಅಲ್ಲ. ಅವ್ವನಿಗೆ ಕಪ್ಪು ಕನ್ನಡಕ, ಒಲೆಯ ಹತ್ತಿರ ಹೋಗುವಂತಿಲ್ಲ. ಹೊಸ್ತಿಲ ಬಳಿ ಸ್ಟೂಲಿನ ಮೇಲೆ ಕೂತು ಮೂಗು ಮತ್ತು ಕಿವಿಯಿಂದಲೇ ಅಡುಗೆ ನಡೆಸಿದಳು. ಮೆಂತ್ಯೆ ಬಾಡಿತು, ಈಗ ಬದನೆ ಹಾಕು. ಮಜ್ಜಿಗೆ ಒಡೆಯುವ ಸದ್ದು ಬರುತ್ತಿದೆ, ಉರಿ ತಗ್ಗಿಸು. ನಡುವೆ ಸುಮನಾ ತವರಿನ ಅಭ್ಯಾಸಬಲದಿಂದ ತೆಂಗಿನಕಾಯಿ ಒಡೆದಾಗ ಆ ಸದ್ದಿಗೆ ಅವ್ವ ಬೆಚ್ಚಿಬಿದ್ದು, ಮನೆಗೆ ಯಾರಾದರೂ ಹೊಸ ಗಾಡಿ ತಂದರೇ ಎಂದು ವಿಚಾರಿಸಿದಳು. ಕಾಯಿ ದೇವರ ಮುಂದೆ ಹೋಯಿತು.

ಹತ್ತು ಗಂಟೆಗೆ ಭಜ್ಜಿ ಇಳಿಯಿತು. ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನಡಿ, ನಿನ್ನ ಹೊಲ ಎಲ್ಲದ ತೋರ್ಸು. ಚರಗ ಚೆಲ್ಲದ ನಾ ಹೆಂಗ ಉಣ್ಲಿ?"

ನನಗಿದ್ದ ಒಟ್ಟು ಜಮೀನು ಬಾಲ್ಕನಿಯ ಎರಡು ಕುಂಡ. ಒಂದರಲ್ಲಿ ತುಳಸಿ, ಇನ್ನೊಂದರಲ್ಲಿ ತುಳಸಿ ಇತ್ತು ಎಂಬುದರ ಗುರುತು. ಅದನ್ನು ತೋರಿಸಿದೆ. ಅವಳು ಕನ್ನಡಕದೊಳಗಿಂದ ಕುಂಡವನ್ನೂ ನನ್ನನ್ನೂ ನೋಡಿ ಸೀದಾ ಬಾಗಿಲ ಕಡೆ ತಿರುಗಿದಳು. ಸೊಸೈಟಿಯ ಅಂಗಳದ ಹುಲ್ಲಿದೆ ಎಂದೆ. ಅಲ್ಲಿ ಏನನ್ನೂ ಎಸೆಯಬಾರದೆಂದು ಸೆಕ್ರೆಟರಿ ಹಾಕಿಸಿದ ಬೋರ್ಡು ನನಗೇ ನೆನಪಾಯಿತು. ಕೊನೆಗೆ, ದಿವಾ ಕಡೆ ರೈಲ್ವೆ ಹಳಿಯ ಪಕ್ಕ ಭತ್ತದ ಗದ್ದೆಗಳಿವೆ, ಒಂದು ಸ್ಟೇಷನ್ ಆಚೆ ಅಷ್ಟೇ ಎಂದೆ.

"ಅದು ಮಂದಿ ಹೊಲ. ಅದಕ್ಕ ಅವರು ಮಾಡ್ಕೋತಾರ. ನಿಮಗ ಅನ್ನ ಹಾಕಾದು ಯಾವುದು, ಅದು ಹೇಳು."

ಅಕ್ಕಿ ಅಂಗಡಿಯಿಂದ ಬರುತ್ತದೆ, ತರಕಾರಿ ವಾಶಿ ಮಾರ್ಕೆಟ್ಟಿನಿಂದ ಎಂದೆಲ್ಲ ಸುತ್ತಿ ಬಳಸಿ ಕೊನೆಗೆ ರಬಾಳೆಯ ಫ್ಯಾಕ್ಟರಿಗೆ ಬಂದು ನಿಂತೆ. ಅಲ್ಲಿ ನಾನು ಸ್ಟೋರ್‌ಕೀಪರ್. ನಟ್ಟು, ಬೋಲ್ಟು, ವಾಷರುಗಳ ಕಾವಲುಗಾರ.

"ಮತ್ತ ಅದೇ ನಿನ್ನ ಹೊಲ," ಎಂದಳು ಅವ್ವ. "ತಂಬಿಗಿ ತಗೋ."

ಇಲ್ಲಿ ನನ್ನ ಗುಟ್ಟನ್ನು ಹೇಳಲೇಬೇಕು. ನಮ್ಮ ಫ್ಯಾಕ್ಟರಿಯಲ್ಲಿ ಮಾಲು ಏರಿಸಿ ಇಳಿಸುವವರೆಲ್ಲ ಕಲಬುರಗಿ, ರಾಯಚೂರು, ವಿಜಯಪುರದವರು. ಅವರ ಮುಖಂಡ ಶರಣಪ್ಪ. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಅವರೊಡನೆ ಹಿಂದಿಯಲ್ಲಿ ಮಾತಾಡಿದೆ. ಹೊಸ ಪ್ಯಾಂಟು, ಹೊಸ ಕುರ್ಚಿ. ಕನ್ನಡದಲ್ಲಿ ಮಾತಾಡಿದರೆ ನನ್ನನ್ನೂ ಮೂಟೆ ಹೊರುವವರ ಸಾಲಿಗೆ ಸೇರಿಸಿಯಾರು ಎಂಬ ಸಣ್ಣತನ. ಎರಡನೇ ದಿನ ಸರಿಮಾಡಬಹುದಿತ್ತು. ಆದರೆ ಅಷ್ಟರಲ್ಲಿ ಅವರು ನನ್ನೆದುರಿಗೇ, ಇವನಿಗೇನು ತಿಳಿಯುತ್ತದೆ ಎಂಬ ಧೈರ್ಯದಲ್ಲಿ, ನನ್ನ ಸೊಂಟದ ಬೀಗದಕೈ ಗೊಂಚಲನ್ನೂ ನನ್ನ ನಡಿಗೆಯನ್ನೂ ನೋಡಿ ನನಗೆ ಕೀಲಿಗೊಂಬೆ ಎಂದು ಹೆಸರಿಟ್ಟಾಗಿತ್ತು. ಆಮೇಲೆ ಬಾಯಿ ಬಿಡುವುದು ಹೇಗೆ? ಹೀಗೆ ಆರು ವರ್ಷ ಕಳೆಯಿತು. ಅವರ ಮನೆಯ ಸುಖದುಃಖ, ಊರಿನ ಸುದ್ದಿ, ನನ್ನ ಬಗೆಗಿನ ಹೊಸ ಹೊಸ ಹಾಸ್ಯ ಎಲ್ಲವನ್ನೂ ಕಲ್ಲಿನಂತೆ ಕೂತು ಕೇಳಿಸಿಕೊಂಡೆ. ಕೆಲವು ಹಾಸ್ಯ ಎಷ್ಟು ಚೆನ್ನಾಗಿರುತ್ತಿದ್ದವೆಂದರೆ ನಗು ತಡೆಯಲು ಸ್ಟೋರಿನೊಳಗೆ ಓಡಬೇಕಾಗುತ್ತಿತ್ತು.

ಈಗ ಆ ಅಂಗಳದಲ್ಲಿ ನಾನು ಗಟ್ಟಿಯಾಗಿ ಓಗೊಡಬೇಕಿತ್ತು.

ಸುಮನಾ ಭಜ್ಜಿಯ ಡಬ್ಬಿ ಹಿಡಿದಳು, ನಾನು ತಂಬಿಗೆ ಹಿಡಿದೆ, ಅವ್ವ ಕಪ್ಪು ಕನ್ನಡಕದಲ್ಲಿ ನಡುವೆ. ಬೆಳಗಿನ ಜನರ ಗರ್ದಿ ಇಳಿದ ಮೇಲಿನ ಲೋಕಲ್ ರೈಲು ಹಿಡಿದು ಠಾಣೆಗೆ, ಅಲ್ಲಿಂದ ಬಸ್ಸಿನಲ್ಲಿ ರಬಾಳೆಗೆ ಹೋದೆವು. ದಾರಿಯಲ್ಲಿ ಅವ್ವನ ತುಟಿ ಒಣಗಿದ್ದು ಕಾಣುತ್ತಿತ್ತು. ನೀರು ಕೊಡಲು ಹೋದರೆ ತಲೆ ಅಲ್ಲಾಡಿಸಿದಳು. ನನಗೆ ನನ್ನ ಮರ್ಯಾದೆಯ ಚಿಂತೆ, ಅವಳಿಗೆ ಮಗನ ನೆಲ ಹಸಿದಿದೆ ಎಂಬ ಚಿಂತೆ. ರಜೆ ಹಾಕಿದವನು ಹೆಂಡತಿ ತಾಯಿಯರ ಸಮೇತ ಪ್ರತ್ಯಕ್ಷನಾದದ್ದನ್ನು ಕಂಡು ಗೇಟಿನ ವಾಚ್‌ಮನ್ ಹುಬ್ಬೇರಿಸಿದ. ಪೂಜೆ ಎಂದೆ. ಅವನು ಚಪ್ಪಲಿ ಬಿಟ್ಟು ಕೈಮುಗಿದ.

ಅವ್ವ ಗೇಟಿನೊಳಗೆ, ಕಾಂಪೌಂಡ್ ಗೋಡೆಯ ಮೂಲೆಯಿಂದ ಶುರುಮಾಡಿದಳು. ಒಂದು ಹಿಡಿ ಚೆಲ್ಲಿ, ತಲೆಯೆತ್ತಿ, ಊರಿನ ಹೊಲದಲ್ಲಿ ಕೂಗುವ ಹಾಗೆಯೇ ಕೂಗು ಹಾಕಿದಳು. ನಾನು ನೀರು ಚಿಮುಕಿಸಿದೆ, ತುಟಿ ಅಲ್ಲಾಡಿಸಿದೆ, ದನಿ ಮಾತ್ರ ಬರಲಿಲ್ಲ. ಅವ್ವ ಅಲ್ಲೇ ನಿಂತಳು. ಓಗೊಡದೆ ಮುಂದಿನ ಹಿಡಿ ಚೆಲ್ಲುವಂತಿಲ್ಲ. ಮತ್ತೊಮ್ಮೆ ಕೂಗಿದಳು. ಬಿಸಿಲಿಗೂ ಉಪವಾಸಕ್ಕೂ ಅವಳ ದನಿ ಒಡೆದಿತ್ತು. ನಾನು ತಂಬಿಗೆಯೊಳಗೆ ನೋಡುತ್ತ ನಿಂತೆ.

ಆಗ ಶೆಡ್ಡಿನ ಗೋಡೆಯ ಒಳಗಿನಿಂದ ಯಾರೋ ಓಗೊಟ್ಟರು.

ಮೊದಲು ಒಂದು ದನಿ, ಅದರ ಬೆನ್ನಿಗೇ ಐದಾರು. ಲೋಡಿಂಗ್ ಶೆಡ್ಡಿನಿಂದ ಶರಣಪ್ಪ ತಲೆಯ ಸಿಂಬಿಯ ಸಮೇತ ಓಡಿ ಬಂದ, ಅವನ ಹಿಂದೆ ಉಳಿದವರು. ಬಂದವರು ತಂಬಿಗೆ ಹಿಡಿದು ನಿಂತ ನನ್ನನ್ನು ನೋಡಿ ಗಕ್ಕನೆ ನಿಂತರು.

"ಸಾಹೇಬ್ರ, ನೀವು ನಮ್ಮ ಕಡಿಯವ್ರೇನ್ರಿ?"

"ಹೌದು," ಎಂದೆ. ಆರು ವರ್ಷದಲ್ಲಿ ಆ ಅಂಗಳದಲ್ಲಿ ನಾನಾಡಿದ ಮೊದಲ ಕನ್ನಡ ಅದು.

ಶರಣಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಅವನ ಮುಖದ ಬಣ್ಣ ಇಳಿಯುತ್ತ ಬಂತು. "ಅಂದ್ರ ಇಷ್ಟ್ ದಿನ ನಾವು ಆಡಿದ್ದೆಲ್ಲ ನಿಮಗ ತಿಳೀತಿತ್ತು?"

ಕೀಲಿಗೊಂಬೆ ನಕ್ಕುಬಿಟ್ಟಿತು. ಅವರೂ ನಕ್ಕರು. ಕೇಳಬೇಕಾದ ಕ್ಷಮೆ ನನ್ನದೇ ದೊಡ್ಡದಿತ್ತು. ಕೇಳಲು ಬಾಯಿ ತೆರೆದರೆ ಅವ್ವ ಬಿಡಲಿಲ್ಲ, ಅವಳಿಗೆ ಇನ್ನೂ ಮೂರು ಗೋಡೆ ಬಾಕಿ ಇತ್ತು. ಅವಳು ಕೂಗಿದಳು. ಈ ಸಲ ಎಲ್ಲರಿಗಿಂತ ಮೊದಲು ಓಗೊಟ್ಟವನು ನಾನೇ. ನನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇತ್ತೆಂದು ಸುಮನಾಳಿಗೂ ತಿಳಿದಿರಲಿಲ್ಲವಂತೆ. ತಗಡಿನ ಶೆಡ್ಡು, ಡೀಸೆಲ್ ಡ್ರಮ್ಮು, ತುಕ್ಕು ಹಿಡಿದ ಕಬ್ಬಿಣದ ರಾಶಿ, ಎಲ್ಲಕ್ಕೂ ಭಜ್ಜಿಯ ಪಾಲು ಸಂದಿತು.

ಆಮೇಲೆ ಶೆಡ್ಡಿನ ನೆರಳಲ್ಲಿ ಗೋಣಿತಟ್ಟು ಹಾಸಿ ಕೂತೆವು. ಮೂವರಿಗೆಂದು ತಂದ ಡಬ್ಬಿ, ಹನ್ನೊಂದು ಜನ. ಒಬ್ಬೊಬ್ಬರಿಗೆ ಅಂಗೈಯಷ್ಟು ರೊಟ್ಟಿ, ಎರಡು ತುತ್ತು ಭಜ್ಜಿ. ಊರು ಬಿಟ್ಟ ಮೇಲೆ ಇದೇ ಮೊದಲು ಎಂದು ಶರಣಪ್ಪ ಮೆಲ್ಲಗೆ ಹೇಳಿದ. ಅವ್ವ ಎಲ್ಲರಿಗೂ ಬಡಿಸಿ ಕೊನೆಗೆ ತಾನೂ ಒಂದು ತುತ್ತು ಬಾಯಿಗಿಟ್ಟಳು, ನೀರು ಕುಡಿದಳು. ಅವಳು ಉಣ್ಣುವುದನ್ನು ನೋಡುತ್ತಾ ನನ್ನ ಕಣ್ಣು ತುಂಬಿತು. ಅನ್ನ ಕೊಟ್ಟ ಆ ಧೂಳಿನ ಅಂಗಳಕ್ಕೆ ಆರು ವರ್ಷದಲ್ಲಿ ಒಮ್ಮೆಯೂ ನಾನು ಕೃತಜ್ಞನಾಗಿರಲಿಲ್ಲ. ಅವತ್ತು ಆದೆ, ಅಲ್ಲಿ ಕೂತವರಿಗೂ ಆದೆ.

ಆಗಿನಿಂದ ಪ್ರತಿ ಎಳ್ಳಮಾವಾಸ್ಯೆಯಂದು ಮೊದಲು ಆ ಅಂಗಳಕ್ಕೆ ಚರಗ, ಅದಾದ ಮೇಲಿನ ಭಾನುವಾರ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಊಟ. ಬರುವವರು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಬ್ಬ ವಾಶಿ ಮಾರ್ಕೆಟ್ಟಿನಲ್ಲಿ ಆರಿಸಿದ ತೊಗರಿಕಾಯಿ ತರುತ್ತಾನೆ, ಒಬ್ಬ ಊರಿಂದ ಬಂದ ಸಜ್ಜೆ ಹಿಟ್ಟು, ಶರಣಪ್ಪನ ಹೆಂಡತಿ ಒಂದು ಉಡಿ ಮೆಂತ್ಯೆ. ತಂದದ್ದು ನೇರ ಗಡಿಗೆಗೆ ಬೀಳುತ್ತದೆ. ಸುಮನಾ ಯಾರೂ ನೋಡದಾಗ ಒಂದು ಹಿಡಿ ತೆಂಗಿನತುರಿಯನ್ನೂ ಹಾಕುತ್ತಾಳೆ, ನಾವು ಯಾರೂ ನೋಡುವುದಿಲ್ಲ. ಎರಡನೇ ಮಹಡಿಯ ಬಾಯಿ ಎಲ್ಲ ಸಾಮಾನನ್ನೂ ತಾವೇ ಕೊಂಡು ತಂದು, ಮನೆ ಬಾಗಿಲು ಹಾಕಿಕೊಂಡು ಭಜ್ಜಿ ಮಾಡುತ್ತಿದ್ದರು. ಸರಿಬರುವುದು ಹೇಗೆ? ಹೋದ ಸಲ ಅವರನ್ನೂ ರಬಾಳೆಗೆ ಕರೆದುಕೊಂಡು ಹೋದೆವು.

ಅವ್ವನ ಕಣ್ಣು ಈಗ ಚೆನ್ನಾಗಿದೆ, ಹಬ್ಬಕ್ಕೆ ತನ್ನ ಹೊಲದಲ್ಲೇ ಇರುತ್ತಾಳೆ. ಮಗನಿಗೆ ರಬಾಳೆಯಲ್ಲಿ ಹೊಲವಿದೆ, ಮೇಲೆ ತಗಡು ಹೊದಿಸಿದ್ದಾರೆ ಎಂದು ಊರಲ್ಲಿ ಹೇಳಿಕೊಂಡಿದ್ದಾಳಂತೆ. ಹಬ್ಬದ ಸಂಜೆ ನಾನು ಎಸ್‌ಟಿಡಿ ಬೂತಿನಿಂದ ಊರಿನ ಪಕ್ಕದ ಮನೆಗೆ ಫೋನು ಮಾಡಿ ಅವಳನ್ನು ಕರೆಸುತ್ತೇನೆ. ಭಜ್ಜಿ ಹೇಗಾಗಿತ್ತು ಎಂದು ಅವಳು ಕೇಳುವುದೇ ಇಲ್ಲ. ಹೋದ ಸಲವೂ ಅಷ್ಟೇ.

"ಓಗೊಟ್ಟವರು ಎಷ್ಟು ಮಂದಿ?"

"ಹದಿನೈದು, ಅವ್ವ. ಒಬ್ಬರು ಮರಾಠಿಯವರು."

ಅವಳು ಅತ್ತ ಕಡೆಯಿಂದ ತೃಪ್ತಿಯ ಉಸಿರು ಬಿಟ್ಟದ್ದು ಇಲ್ಲಿಗೂ ಕೇಳಿಸಿತು.

"ಹಂಗಾದ್ರ ಈ ವರ್ಷ ನಿನ್ನ ಹೊಲದಾಗ ಬೆಳಿ ಚಲೋ ಬಂದದ."