ಹೆಡ್ ಕೋಚ್ ಕೆಲಸಗಳಿಗೆ ನಾನು ಕೊಟ್ಟ ಮಾರ್ಕು

ಅಮೆರಿಕದ ಕಾಲೇಜು ಫುಟ್‌ಬಾಲ್ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ನನ್ನ ಮಗಳು ಇಲ್ಲೇ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಒಂದು ಯೂನಿವರ್ಸಿಟಿ ತಂಡದಲ್ಲಿ ಕೆಲಸಕ್ಕಿದ್ದಳು. ಎದುರಾಳಿಗಳ ಆಟದ ವಿಡಿಯೋ ಕತ್ತರಿಸಿ, ಯಾರು ಯಾವಾಗ ಎತ್ತ ಓಡುತ್ತಾರೆ ಎಂದು ಕೋಚ್‌ಗಳಿಗೆ ತೋರಿಸುವುದು. ಕಂಪ್ಯೂಟರ್ ಸೈನ್ಸ್ ಓದಿದವಳು ಇದನ್ನು ಹಿಡಿದಾಗ ನಾನು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೆ. ನಮ್ಮ ಬಡಾವಣೆ ಎವರ್‌ಗ್ರೀನ್‌ನ ಗೆಳತಿಯರು ಕೇಳಿದರೆ ಡೇಟಾ ಅನಾಲಿಸಿಸ್ ಎಂದಷ್ಟೇ ಹೇಳಿ ಕಾಫಿಗೆ ಹಾಲಿಡಲು ಎದ್ದುಬಿಡುತ್ತಿದ್ದೆ.

ಹೋದ ವರ್ಷ ಸೀಸನ್ ಮುಗಿಯುತ್ತಲೇ ಅವಳ ಹೆಡ್ ಕೋಚ್‌ಗೆ ಇನ್ನೊಂದು ಯೂನಿವರ್ಸಿಟಿಯಿಂದ ಕರೆ ಬಂತು. ದೇಶದ ನಟ್ಟನಡುವೆ, ಸುತ್ತ ಬರೀ ಮುಸುಕಿನ ಜೋಳದ ಹೊಲಗಳಿರುವ ಊರು. ಅವನು ಹೊರಟೇಬಿಟ್ಟ. ಈ ಲೋಕದ ರೀತಿ ನನಗೆ ಗೊತ್ತಾದದ್ದೇ ಆಗ. ಹೋಗುವ ಕೋಚ್ ತನಗೆ ಬೇಕಾದವರನ್ನು ಕರೆದುಕೊಂಡು ಹೋಗುತ್ತಾನೆ, ಬರುವವನು ತನ್ನವರನ್ನು ಕರೆದುಕೊಂಡು ಬರುತ್ತಾನೆ. ನಡುವೆ ಉಳಿದವರ ಗತಿ ದೇವರಿಗೇ ಪ್ರೀತಿ. ಇದೂ ಒಂದು ನೌಕರಿಯೇ?

ಕೋಚ್ ಮಗಳನ್ನೂ ಬಾ ಎಂದಿದ್ದ. ಉತ್ತರ ಹೇಳಲು ಮೂರು ದಿನ. ಭಾನುವಾರ ಊಟಕ್ಕೆ ಬಂದವಳು, "ಅಮ್ಮ, ನೀನೇನಂತೀಯ?" ಎಂದಳು.

ಕಾಲೇಜುಗಳನ್ನು ಹೋಲಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಸಿಇಟಿ ಬರೆದ ವರ್ಷ ಮೈಸೂರಿನ ಮನೆಯಲ್ಲಿ ಅಪ್ಪ ರೂಲ್ಡ್ ಹಾಳೆಯ ಮೇಲೆ ಇದ್ದಬದ್ದ ಎಂಜಿನಿಯರಿಂಗ್ ಕಾಲೇಜುಗಳನ್ನೆಲ್ಲ ಮೇಲಿಂದ ಕೆಳಗೆ ಜೋಡಿಸಿದ್ದರು. ನಾನೂ ಲ್ಯಾಪ್‌ಟಾಪ್ ತೆಗೆದೆ. ಯೂನಿವರ್ಸಿಟಿಯ ರ‍್ಯಾಂಕು, ನೊಬೆಲ್ ಪಡೆದವರು, ರಿಸರ್ಚು, ಏರ್‌ಪೋರ್ಟು ಎಷ್ಟು ದೂರ, ಇಂಡಿಯನ್ ಗ್ರೋಸರಿ ಸಿಗುತ್ತದೋ ಇಲ್ಲವೋ. ಒಂದೊಂದಕ್ಕೂ ಮಾರ್ಕು ಹಾಕಿದೆ. ನಮ್ಮದೇ ಎಲ್ಲದರಲ್ಲೂ ಮುಂದೆ.

"ಇಂಥ ಯೂನಿವರ್ಸಿಟಿ ಬಿಟ್ಟು ಯಾರಾದ್ರೂ ಅಲ್ಲಿಗೆ ಹೋಗ್ತಾರೇನೇ? ನಿನ್ನ ಕೋಚ್‌ಗೆ ತಲೆ ಕೆಟ್ಟಿದೆ," ಎಂದೆ.

"ಕೋಚಸ್ ಹಾಗೆ ನೋಡಲ್ಲ ಅಮ್ಮ. ಅಲ್ಲಿ ಎವ್ರಿ ಸ್ಯಾಟರ್ಡೇ ಸ್ಟೇಡಿಯಂ ಫುಲ್. ಇಡೀ ಊರೇ ಬರುತ್ತೆ. ಇಲ್ಲಿ ಅರ್ಧ ಖಾಲಿ. ಮಾರ್ಕ್ಸ್ ಸಾಲದು ಅಂತ ಒಳ್ಳೇ ಪ್ಲೇಯರ್ಸ್‌ಗೆ ಇಲ್ಲಿ ಅಡ್ಮಿಷನ್ನೇ ಸಿಗಲ್ಲ."

"ಅದು ಒಳ್ಳೇದೇ ಅಲ್ವಾ?"

ಅವಳು ತಲೆ ಚಚ್ಚಿಕೊಂಡಳು. ನಾನು ಬಿಡಲಿಲ್ಲ. ಇಲ್ಲಿಗೆ ಬರಲು ಕೋಚ್‌ಗಳು ಸಾಲುಗಟ್ಟಿ ನಿಲ್ಲುತ್ತಾರೆ, ಬರುವವನು ಇಷ್ಟು ಚುರುಕಾದ ಹುಡುಗಿಯನ್ನು ಏಕೆ ಬಿಡುತ್ತಾನೆ ಎಂದೆಲ್ಲ ಸಂಜೆಯವರೆಗೂ ಕೊರೆದೆ. ಅವಳು ಹಳೆಯ ಕೋಚ್‌ಗೆ ಬರುವುದಿಲ್ಲ ಎಂದು ಹೇಳಿದಳು. ನನಗೆ ಗೆದ್ದಷ್ಟು ಸಂತೋಷವಾಯಿತು.

ಹೊಸ ಕೋಚ್ ತನ್ನ ವಿಡಿಯೋದವರನ್ನು ಜೊತೆಗೇ ಕರೆತಂದ. ಒಂದೇ ವಾರದಲ್ಲಿ ಮಗಳು ಸಾಮಾನು ಕಟ್ಟಿಕೊಂಡು ಮನೆಗೆ ಬಂದಳು. ನಾನು ಹೊಸಬನನ್ನು ಬೈದೆ, ಹಳಬನನ್ನು ಬೈದೆ, ಆ ಆಟವನ್ನು ಕಂಡುಹಿಡಿದವರನ್ನೂ ಬಿಡಲಿಲ್ಲ. ನನ್ನನ್ನು ಬೈದುಕೊಳ್ಳುವುದು ಮಾತ್ರ ಬಾಕಿಯಿತ್ತು.

"ಆ ಹಳೇ ಕೋಚ್‌ಗೇ ಫೋನ್ ಮಾಡು," ಎಂದೆ.

"ಮಾಡಿದೆ. ಬೇರೆಯವರನ್ನ ತಗೊಂಡಾಯ್ತಂತೆ."

ಅವಳು ನನ್ನ ಮೇಲೆ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಬಟ್ಟೆ ಮಡಿಸುತ್ತಲೇ ಇದ್ದಳು. ನನಗೇ ತಡೆಯಲಾಗಲಿಲ್ಲ.

"ಅಲ್ವೇ, ನಿನಗೆ ಎಲ್ಲಾ ಗೊತ್ತಿತ್ತು. ನನಗೆ ಈ ಆಟದ ತಲೆಬುಡ ಗೊತ್ತಿಲ್ಲ ಅಂತಾನೂ ಗೊತ್ತಿತ್ತು. ಹುಟ್ಟಿದಾಗಿನಿಂದ ಒಂದು ದಿನ ನನ್ನ ಮಾತು ಕೇಳಿದವಳಲ್ಲ. ಇದೊಂದನ್ನ ಯಾಕೆ ಕೇಳಿದೆ?"

ಅವಳು ಮಡಿಸುವುದನ್ನು ನಿಲ್ಲಿಸಿದಳು.

"ನನ್ನ ಕೆಲಸದ ಬಗ್ಗೆ ನೀನು ಅಷ್ಟು ಹೊತ್ತು ಕೂತು ಮಾತಾಡಿದ್ದು ಅದೇ ಫಸ್ಟ್ ಟೈಮ್ ಅಮ್ಮ. ನೋ ಅನ್ನೋಕೆ ಮನಸ್ಸು ಬರಲಿಲ್ಲ."