ನಲವತ್ತೇಳು ಗಂಟೆಗಳ ನಾಲಿಗೆ ಕಾಯುವ ಕೇಶವಮೂರ್ತಿ

ಬೆಳಗಿನ ಐದೂವರೆ. ಗೋಪುರದಲ್ಲಿ ನಲವತ್ತೇಳು ಗಂಟೆಗಳಿವೆ, ಒಂದೂ ಸದ್ದು ಮಾಡುತ್ತಿಲ್ಲ. ಮಾಡದಂತೆ ನೋಡಿಕೊಳ್ಳುವುದೇ ಈ ಹೊತ್ತಿನಲ್ಲಿ ಕೇಶವಮೂರ್ತಿಯವರ ಕೆಲಸ. ನೂರಾ ಮೂವತ್ತೆರಡು ಮೆಟ್ಟಿಲು ಹತ್ತಿ ಬಂದ ಐವತ್ತೆಂಟರ ಉಸಿರು ಇನ್ನೂ ಹತೋಟಿಗೆ ಬಂದಿಲ್ಲ. ಬೂಟು ಕೆಳಗೆ ಬಾಗಿಲ ಹತ್ತಿರ ಉಳಿದಿದೆ, ಕಾಲಲ್ಲಿ ಬರೀ ಕಾಲುಚೀಲ. ಸಾಲಾಗಿ ಚಾಚಿಕೊಂಡ ಮರದ ಹಿಡಿಗಳಲ್ಲಿ ಒಂದನ್ನು ಹಿಡಿದು ನಿಧಾನಕ್ಕೆ ತಳದವರೆಗೆ ಒತ್ತುತ್ತಾರೆ. ಹಿಡಿಗೆ ಕಟ್ಟಿದ ತಂತಿ ಮೇಲಿನ ಅಂತಸ್ತಿನಲ್ಲಿ ಗಂಟೆಯ ನಾಲಿಗೆಯನ್ನು ಎಳೆಯುತ್ತದೆ. ನಾಲಿಗೆ ಗಂಟೆಯ ಅಂಚಿಗೆ ಬಂದು, ತಾಗದೆ ನಿಲ್ಲುತ್ತದೆ. ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು. ಅಷ್ಟೇ ಇರಬೇಕು. ಹೆಚ್ಚಾದರೆ ನಾದ ಬಡಕಲು, ಕಡಿಮೆಯಾದರೆ ಗಂಟಲು ಹಿಸುಕಿದ ಹಾಗೆ. ಮೊದಲೆರಡು ವರ್ಷ ಏಣಿ ಹತ್ತಿ ನೋಡಬೇಕಿತ್ತು. ಈಗ ಬೆರಳಿಗೇ ಗೊತ್ತಾಗುತ್ತದೆ.

“ಬಾಯಿಗೆ ಬಂದ ಮಾತನ್ನ ತುಟಿ ತನಕ ತಂದು ನಿಲ್ಲಿಸ್ತೀನಿ. ಆಡೋರು ಬೇರೆ,” ಎಂದು ತಂತಿಯ ತಿರುಪನ್ನು ಕಾಲು ಸುತ್ತು ತಿರುಗಿಸುತ್ತಾರೆ. ಇಂಥವು ಇನ್ನೂ ನಲವತ್ತಾರಿವೆ.

ಅಮೆರಿಕದ ಸೀಕಾಕಸ್ ಊರಿನಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ದೂರದ ಗುಡ್ಡದ ಮೇಲಿದೆ ಈ ಚರ್ಚು. ಜುಲೈ, ಆಗಸ್ಟ್‌ನ ಎಂಟು ಭಾನುವಾರ ಸಂಜೆ ನಾಲ್ಕಕ್ಕೆ ಇಲ್ಲಿ ಗಂಟೆಗಳ ಕಚೇರಿ ನಡೆಯುತ್ತದೆ. ಕ್ಯಾರಿಲಾನ್ ಎಂಬ ಈ ವಾದ್ಯದಲ್ಲಿ ಗಂಟೆಗಳು ತೂಗಾಡುವುದಿಲ್ಲ, ನಾಲಿಗೆಗಳು ಮಾತ್ರ ಆಡುತ್ತವೆ. ವಾದಕರು ಗಂಟೆಗಳ ಕೆಳಗಿನ ಕೋಣೆಯಲ್ಲಿ ಕೂತು ಹಿಡಿಗಳನ್ನು ಮುಷ್ಟಿಯಿಂದ ಗುದ್ದಿ, ದೊಡ್ಡ ಗಂಟೆಗಳನ್ನು ಕಾಲಿನಿಂದ ತುಳಿದು ನುಡಿಸುತ್ತಾರೆ. ಕೆಳಗೆ ಹುಲ್ಲಿನ ಮೇಲೆ ನಾನೂರು ಜನ ಮಡಚುವ ಕುರ್ಚಿ ಹಾಕಿಕೊಂಡು, ಕಾಣದ ವಾದಕರಿಗೆ ಆಕಾಶ ನೋಡಿ ಚಪ್ಪಾಳೆ ತಟ್ಟುತ್ತಾರೆ. ಕೊನೆಗೆ ವಾದಕರು ಗೋಪುರದ ಬಾಲ್ಕನಿಗೆ ಬಂದು ಕೈಬೀಸುವುದು ಪದ್ಧತಿ. ಕಾರ್ಯಕ್ರಮದ ಹಾಳೆಯಲ್ಲಿ ವಾದಕರ ಹೆಸರಿರುತ್ತದೆ, ದಾನಿಗಳ ಹೆಸರಿರುತ್ತದೆ, ನಿಂಬೆ ಪಾನಕ ಹಂಚುವ ಮೂವರು ಅಜ್ಜಿಯರ ಹೆಸರಿರುತ್ತದೆ. ಕೇಶವಮೂರ್ತಿಯವರದಿಲ್ಲ.

“ಪಾನಕಕ್ಕೆ ಐಸ್ ಹೊತ್ತು ತರೋನೂ ನಾನೇ,” ಎನ್ನುತ್ತಾರೆ, ಬೇರೆಲ್ಲೋ ನೋಡುತ್ತಾ.

ಬೆಂಗಳೂರಿನ ಗಡಿಯಾರ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಸ್ಪ್ರಿಂಗು ಕೂರಿಸಿದವರು ಇವರು. ಗಂಟೆ ತೋರಿಸುವ ಕಸುಬಿನಿಂದ ಗಂಟೆ ನುಡಿಸುವ ಜಾಗಕ್ಕೆ ಬಂದದ್ದು, ಹೆಂಡತಿ ತ್ರಿಪುರಸುಂದರಿಯವರ ಅಣ್ಣ ಗ್ರೀನ್ ಕಾರ್ಡಿಗೆ ಸ್ಪಾನ್ಸರ್ ಮಾಡಿದ್ದರಿಂದ. ಆಕೆ ಸೀಕಾಕಸ್‌ನ ಗೋದಾಮೊಂದರಲ್ಲಿ ಪ್ಯಾಕಿಂಗ್‌ಗೆ ಸೇರಿದರು, ಇವರು ಚರ್ಚಿನಲ್ಲಿ ಕಸ ಗುಡಿಸಲು. ಮೊದಲ ದಿನವೇ ಎಡವಟ್ಟು. ಬೆಳಿಗ್ಗೆ ಆರಕ್ಕೆ ಗೋಪುರ ಗುಡಿಸಲು ಹತ್ತಿದವರಿಗೆ ಎದುರಿಗೇ ಐದು ಟನ್ನಿನ ಗಂಟೆ ಕಂಡಿತು. ಗುಡಿಯ ಬಾಗಿಲಲ್ಲಿ ಮಾಡುವಂತೆ ಕಣ್ಣುಮುಚ್ಚಿ, ಎರಡು ಕೈಯಿಂದ ನಾಲಿಗೆ ಹಿಡಿದು ಒಂದು ಸಲ ಬಾರಿಸಿ ಕೈಮುಗಿದರು. ಢೋಂ... ಎಂದದ್ದು ನಿಲ್ಲಲೇ ಇಲ್ಲ. ಆ ಊರಲ್ಲಿ ದೊಡ್ಡ ಗಂಟೆ ಒಂಟಿಯಾಗಿ ಮೊಳಗಿದರೆ ಯಾರೋ ತೀರಿಕೊಂಡರೆಂದು ಅರ್ಥ. ಆರೂಕಾಲಿಗೆಲ್ಲ ಪಾದ್ರಿಯ ಮನೆಗೆ ಹದಿನಾಲ್ಕು ಫೋನು, ಎರಡು ಹೂಗುಚ್ಛ.

“ಹೂ ಡೈಡ್, ಕೇಶವ್?” ಎಂದು ಪಾದ್ರಿ ಪೈಜಾಮದಲ್ಲೇ ಏದುಸಿರು ಬಿಡುತ್ತ ಹತ್ತಿ ಬಂದದ್ದನ್ನು ಅವರು ಅಭಿನಯಿಸಿ ತೋರಿಸುತ್ತಾರೆ. “ನೋಬಡಿ ಫಾದರ್, ನಮಸ್ಕಾರ ಮಾಡ್ದೆ ಅಷ್ಟೇ ಅಂದೆ. ಅವರು ನಗ್ತಾ ಕೂತುಬಿಟ್ರು. ಗಂಟೇಗೆ ಮರ್ಯಾದೆ ಕೊಡೋನಿಗೇ ಗಂಟೆ ಒಪ್ಪಿಸ್ತೀನಿ ಅಂತ ಈ ಕೆಲಸ ಕೊಟ್ರು.”

ಬಿಸಿಲಿಗೆ ತಂತಿ ಉದ್ದವಾಗುತ್ತದೆ, ತಂಪಿಗೆ ಕುಗ್ಗುತ್ತದೆ. ಹಾಗಾಗಿ ಕಚೇರಿಯ ದಿನ ನಾಲ್ಕು ಸಲ ಹತ್ತಬೇಕು: ನಸುಕಿಗೆ, ಹನ್ನೊಂದಕ್ಕೆ, ಒಂದೂವರೆಗೆ, ಕೊನೆಯದಾಗಿ ಮೂರೂವರೆಗೆ. ಬೆಲ್ಜಿಯಂನವರು, ಡಚ್ಚರು, ಷಿಕಾಗೋದವರು ಬಂದು ತಮ್ಮ ಕೈಗೆ ಬೇಕಾದಂತೆ ತಿರುಪು ತಿರುವಿ, ನುಡಿಸಿ, ಹೋಗುತ್ತಾರೆ. ಅವರ ಮೇಲೆ ಅಸೂಯೆ ಇತ್ತು, ಆದರೆ ಅದು ದೂರದ ನೆಂಟರ ಆಸ್ತಿಯ ಮೇಲಿನ ಅಸೂಯೆಯಂಥದು. ನಿದ್ದೆ ಕೆಡಿಸುತ್ತಿರಲಿಲ್ಲ.

ನಿದ್ದೆ ಕೆಡಿಸಿದವಳು ಅಕ್ಷತಾ. ಹುಬ್ಬಳ್ಳಿ ಹುಡುಗಿ, ವಯಸ್ಸು ಇಪ್ಪತ್ತಾರು. ವೈಟುಕೆ ಎಂಬ ಕಂಪ್ಯೂಟರ್ ತಿದ್ದುಪಡಿಯ ಕೆಲಸಕ್ಕೆಂದು ತೊಂಬತ್ತೆಂಟರಲ್ಲಿ ಬಂದು ಹತ್ತಿರದ ಹೋಬೋಕನ್‌ನಲ್ಲಿ ಮನೆ ಮಾಡಿದವಳು. ಒಂದು ಭಾನುವಾರ ಗಂಟೆ ಕೇಳಿ, ಸೀದಾ ಪಾದ್ರಿಯ ಬಳಿ ಹೋಗಿ, ನನಗೂ ಕಲಿಸುತ್ತೀರಾ ಎಂದಳು. ಮುಂದಿನ ಮಂಗಳವಾರದಿಂದ ಪಾಠ ಶುರು. ಎರಡು ಸಾವಿರನೇ ಇಸವಿಯ ಬೇಸಿಗೆ ಕಚೇರಿಗಳ ಪಟ್ಟಿ ಬಂದಾಗ ಐದನೇ ಭಾನುವಾರದ ಎದುರು ಅವಳ ಹೆಸರು ಅಚ್ಚಾಗಿತ್ತು.

“ಕೇಳ್ಬಹುದಿತ್ತು ಅಂತ ನಂಗೆ ಹೊಳೆದಿದ್ದೇ ಅವಳು ಕೇಳಿದ್ಮೇಲೆ. ಒಂಬತ್ತು ವರ್ಷ, ಯಾರಾದ್ರೂ ‘ಕೇಶವ್, ನೀನೂ ಒಂದು ಕೈ ನೋಡು’ ಅಂತ ಕರೀತಾರೆ ಅಂತ ಕಾಯ್ತಾ ಇದ್ದೆ. ಅವಳು ಬಂದ್ಲು, ಕೇಳಿದ್ಲು, ಕೊಟ್ರು. ಅಷ್ಟೇ ಆಗಿದ್ದು,” ಎನ್ನುತ್ತಾರೆ ಕೇಶವಮೂರ್ತಿ. ಕೂಡಲೇ ಕೊರಳು ಬದಲಿಸಿ ಅವಳಾಗುತ್ತಾರೆ: “‘ಅಂಕಲ್, ಈ ಹಿಡಿ ಸ್ವಲ್ಪ ಬಿಗಿ ಐತ್ರಿ, ಲೂಸ್ ಮಾಡಿ ಕೊಡ್ರೆಲಾ!’ ಮಾಡಿಕೊಟ್ಟೆ ಕಣ್ರೀ. ಮಾಡದೇ ಏನು?”

ಎರಡು ವರ್ಷದ ಮಂಗಳವಾರಗಳಲ್ಲಿ ಅವಳು ತಪ್ಪಿದ್ದನ್ನೆಲ್ಲ ಇವರು ಮೆಟ್ಟಿಲ ಮೇಲೆ ಕೂತು ಕೇಳಿದ್ದಾರೆ. ತಪ್ಪು ಕಡಿಮೆಯಾಗುತ್ತ ಬಂದಂತೆ ಇವರ ಊಟವೂ ಕಡಿಮೆಯಾಯಿತೆಂದು ತ್ರಿಪುರಸುಂದರಿ ಹೇಳುತ್ತಾರೆ.

ಆ ಐದನೇ ಭಾನುವಾರ ಕನ್ನಡ ಕೂಟದವರು ಎಂಟು ವ್ಯಾನಿನಲ್ಲಿ ಬಂದಿಳಿದರು. ಕೈಯಲ್ಲಿ ಬಿಸಿಬೇಳೆಬಾತಿನ ಟ್ರೇ, ಶಾಲು, ಹಾರ. ಅಧ್ಯಕ್ಷ ಹರಿ ಅವರು ಹುಲ್ಲಿನ ಮೇಲೆ ಓಡಾಡುತ್ತ, “ಈ ಗೋಪುರ ಹತ್ತಿದ ಮೊಟ್ಟಮೊದಲ ಕನ್ನಡದ ಪ್ರತಿಭೆ” ಎಂದು ಎಲ್ಲರಿಗೂ ಹೇಳುತ್ತಿದ್ದರು. ಐಸ್ ಹೊತ್ತು ಪಕ್ಕದಲ್ಲೇ ಹಾದುಹೋದ ಕೇಶವಮೂರ್ತಿಯವರನ್ನು “ಎಕ್ಸ್‌ಕ್ಯೂಸ್ ಮಿ, ವೇರ್ ಈಸ್ ದ ರೆಸ್ಟ್‌ರೂಮ್?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವರೂ ಇಂಗ್ಲಿಷಿನಲ್ಲೇ ದಾರಿ ತೋರಿಸಿದರು.

ಮೂರೂವರೆಯಾಯಿತು. ಬಿಸಿಲು ತೊಂಬತ್ತಾರು ಡಿಗ್ರಿ ಫ್ಯಾರನ್‌ಹೀಟ್. ಒಂದೂವರೆಗೆ ತಂತಿಗಳನ್ನು ಆ ಕಾವಿಗೆ ತಕ್ಕಂತೆ ಬಿಗಿ ಮಾಡಿ ಬಂದಿದ್ದರು. ಈಗ ಹಡ್ಸನ್ ನದಿಯ ಕಡೆ ಮೋಡ ಕಪ್ಪಾಗುತ್ತಿತ್ತು. ನಾಲ್ಕನೇ ಸಲ ಹತ್ತಬೇಕಾದವರು ಹತ್ತಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಹೆಂಡತಿಯ ಪಕ್ಕ ಕುರ್ಚಿ ಹಾಕಿ ಕೂತರು.

“ಹೋಗಲ್ವಾ?” ಎಂದರು ತ್ರಿಪುರಸುಂದರಿ.

“ಮಂಡಿ ನೋವು.”

“ಮಂಡಿನೂ ಇಲ್ಲ ಗಿಂಡಿನೂ ಇಲ್ಲ. ನಿಮಗೆ ನೋವಾಗ್ತಿರೋದು ಮಂಡಿಗಿಂತ ಒಂದು ಗೇಣು ಮೇಲೆ, ಹೊಟ್ಟೇಲಿ.”

ಕಚೇರಿ ಶುರುವಾಯಿತು. ಮಳೆ ಬರಲಿಲ್ಲ, ಗಾಳಿ ಬಂತು. ಹತ್ತು ನಿಮಿಷದಲ್ಲಿ ಹದಿನೈದು ಡಿಗ್ರಿ ಇಳಿಯಿತು, ಮೇಲೆ ತಂತಿಗಳು ಕುಗ್ಗಿದವು. ಮೂರನೇ ರಚನೆಯ ನಡುವೆ ಸಣ್ಣ ಗಂಟೆಯೊಂದು ಠಣ್ ಎನ್ನುವ ಬದಲು ಠಕ್ ಎಂದಿತು. ಆಮೇಲೆ ಪಕ್ಕದ್ದು. ಆಮೇಲೆ ನಾಲ್ಕು ಒಟ್ಟಿಗೆ. ನಾಲಿಗೆಗಳು ಗಂಟೆಗೆ ಅಂಟಿ ನಾದವನ್ನು ನುಂಗುತ್ತಿದ್ದವು. ಕೇಶವಮೂರ್ತಿ ಸುತ್ತ ನೋಡಿದರು. ಹರಿ ಅವರು ತಲೆದೂಗುತ್ತಿದ್ದರು, ಅಜ್ಜಿಯರು ಪಾನಕ ಬಗ್ಗಿಸುತ್ತಿದ್ದರು. ಒಬ್ಬರ ಹುಬ್ಬೂ ಗಂಟಿಕ್ಕಲಿಲ್ಲ. ರಚನೆ ಮುಗಿದಾಗ ಚಪ್ಪಾಳೆ ಎಂದಿನಷ್ಟೇ ಬಿತ್ತು.

ಆ ಚಪ್ಪಾಳೆ ಅವರಿಗೆ ತಡೆದುಕೊಳ್ಳಲಾಗಲಿಲ್ಲ. “ಇವರಿಗೆ ವ್ಯತ್ಯಾಸವೇ ಗೊತ್ತಾಗಲ್ಲ ಅಂದ್ರೆ ಇಷ್ಟು ವರ್ಷ ನಾನು ಯಾರಿಗೆ ಕೆಲಸ ಮಾಡ್ದೆ?” ಎಂದು ಈಗಲೂ ಕೇಳುತ್ತಾರೆ. ಎದ್ದರು. ಮಂಡಿಯನ್ನು ಮರೆತು ನೂರಾ ಮೂವತ್ತೆರಡು ಮೆಟ್ಟಿಲನ್ನೂ ಹತ್ತಿದರು.

ಮೇಲೆ ಅಕ್ಷತಾ ತಾನೇ ಒಂದು ತಿರುಪು ತಿರುವಿ ಇನ್ನಷ್ಟು ಕೆಡಿಸಿಕೊಂಡು, ಮುಂದಿನ ಹಾಡು ಶುರು ಮಾಡಿಬಿಟ್ಟಿದ್ದಳು. ಅವಳ ಅಜ್ಜಿ ಹೇಳುತ್ತಿದ್ದ ಹಸೆಯ ಹಾಡೊಂದರ ಧಾಟಿ ಅದು. ಕಣ್ಣಲ್ಲಿ ನೀರು, ಮುಷ್ಟಿ ನಿಲ್ಲುವಂತಿಲ್ಲ.

“ಅಂಕಲ್, ಎಲ್ಲಾ ಬಡ್ಕೊಳ್ಳಾಕತ್ತಾವ್ರೀ! ನಿಲ್ಲಸ್ಲೇನು?”

“ನಿಲ್ಲಿಸ್ಬೇಡ. ನೀನು ಹೋಗ್ತಾ ಇರು, ನಾನು ಹಿಂದೆ ಬರ್ತೀನಿ.”

ಯಾವ ಸ್ವರದ ಮೇಲಿಂದ ಕೈ ಯಾವಾಗ ಏಳುತ್ತದೆಂದು ಎರಡು ವರ್ಷ ಮೆಟ್ಟಿಲ ಮೇಲೆ ಕೂತು ಕೇಳಿದವರಿಗೆ ಗೊತ್ತಿತ್ತು. ಅವಳ ಮುಷ್ಟಿ ಒಂದು ಹಿಡಿಯಿಂದ ಎದ್ದ ಕೂಡಲೇ ಇವರ ಬೆರಳು ಅದರ ತಿರುಪಿನ ಮೇಲೆ. ಅವಳು ವಾಪಸು ಬರುವಷ್ಟರಲ್ಲಿ ಕಾಲು ಸುತ್ತು ಸಡಿಲ. ಒಮ್ಮೆ ಅವಳ ಗುದ್ದು ಇವರ ಹೆಬ್ಬೆರಳಿಗೇ ಬಿತ್ತು. ಇಬ್ಬರೂ ನಿಲ್ಲಿಸಲಿಲ್ಲ. ಹಾಡಿನ ಮೂರನೇ ಸುತ್ತಿಗೆ ಹದಿನೇಳು ಗಂಟೆಗಳು ಮತ್ತೆ ಬಾಯಿಬಿಟ್ಟಿದ್ದವು.

ಮುಗಿದ ಮೇಲೆ ಅಕ್ಷತಾ ಬೆವರು ಒರೆಸಿಕೊಂಡು ಹೇಳಿದ್ದು ಒಂದೇ ಮಾತು: “ಮೂರೂವರೀಗೆ ಬರ್ಲಿಲ್ಲಲ್ರೀ ನೀವು.” ಇವರು ಮಂಡಿಯ ಕತೆ ಹೇಳಲಿಲ್ಲ. “ಬರ್ಲಿಲ್ಲ,” ಎಂದರು. ಅವಳು ಅವರ ಊದಿದ ಹೆಬ್ಬೆರಳಿಗೆ ತನ್ನ ಪಾನಕದ ಲೋಟದ ಐಸ್ ತುಂಡು ಇಟ್ಟು, ಬಾಲ್ಕನಿಗೆ ಹೋಗಿ ಕೈಬೀಸಿದಳು. ಕೆಳಗಿನ ಚಪ್ಪಾಳೆ, ಶಿಳ್ಳೆ, ಹರಿ ಅವರ ಜೈಕಾರವನ್ನೆಲ್ಲ ಕೇಶವಮೂರ್ತಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು.

ಈಗ ಅಸೂಯೆ ಹೋಯಿತೇ ಎಂದರೆ ಅವರು ಗಟ್ಟಿಯಾಗಿ ನಗುತ್ತಾರೆ. “ಎಲ್ಲಿ ಹೋಗತ್ತೆ? ಮೊದಲಿಗಿಂತ ಜಾಸ್ತಿ ಆಗಿದೆ. ಆದ್ರೆ ಒಂದು ಮಾತು. ಅವತ್ತು ಗಂಟೆ ಕೆಟ್ಟಿದ್ದು ಆ ನಾನೂರು ಜನದಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ನಂಗೆ, ಆ ಹುಡುಗೀಗೆ, ಇಬ್ಬರಿಗೇ. ಹೊಟ್ಟೆ ಉರ್ಕೊಳ್ಳೋದಾದ್ರೆ ಅಂಥವರ ಮೇಲೆ ಉರ್ಕೋಬೇಕು ಕಣ್ರೀ. ಸಿಕ್ಕಸಿಕ್ಕವರ ಮೇಲೆಲ್ಲ ಉರ್ಕೊಳ್ಳೋ ಆಳಲ್ಲ ನಾನು.”